ಆಟಿಯಲ್ಲಿ ಜೋಗ

ಜೂನ್ 19, ಪರ್ಕಳದ ರೂಮು

ಕೊನೆಗೂ ಜಾಗ ನಿಶ್ಚಯವಾಯಿತು. ಮದುವೆ ಮುಗಿದ ಮೇಲೆ ಜೋಗಕ್ಕೆ ಹೋಗುವುದು. ಹೇಳಿದವಳು ನಾನೇ.

ನಾನು ಮದುವೆಯಾಗುವ ಕುವೈಟಿನವರು ಇವತ್ತು ವಿಡಿಯೋ ಕಾಲ್ ಮಾಡಿ ಊಟಿ, ಮುನ್ನಾರ್, ಗೋವಾ, ಮನಾಲಿ ಎಂದು ಒಂದೇ ಉಸಿರಿಗೆ ನಾಲ್ಕು ಹೆಸರು ಹೇಳಿದರು. ಯಾರೋ ಬರೆದುಕೊಟ್ಟ ಚೀಟಿ ಓದಿದ ಹಾಗಿತ್ತು. ನಿಮಗೆ ಯಾವುದು ಇಷ್ಟ ಎಂದು ಕೇಳಿದೆ. “ನಿಮಗೆ ಯಾವುದು ಇಷ್ಟವೋ ಅದು” ಎಂದರು. ನಿಮ್ಮ ಇಷ್ಟ ನನಗೆ ಗೊತ್ತಾಗಬೇಕಲ್ಲ ಎಂದೆ. “ನನಗೆ ಹಾಗೇನಿಲ್ಲ” ಎಂದರು. ಹೀಗೆ ಹನ್ನೊಂದು ನಿಮಿಷ ಹೋಯಿತು. ನನಗೆ ತಲೆ ಕೆಟ್ಟು ಜೋಗ ಎಂದುಬಿಟ್ಟೆ.

“ಜೋಗ ಅಂದರೆ ನಮ್ಮ ಜೋಗವಾ?”

“ಬೇರೆ ಜೋಗ ಎಲ್ಲಿ ಉಂಟು?”

“ಸರಿ” ಎಂದರು. ಅಷ್ಟೇ.

ಡ್ಯೂಟಿಯಲ್ಲಿ ಡುಲ್ಸಿನ್ ಸಿಸ್ಟರಿಗೆ ಹೇಳಿದರೆ ನಮ್ಮ ಡಯಾಲಿಸಿಸ್ ವಾರ್ಡಿಗೆಲ್ಲ ಕೇಳುವ ಹಾಗೆ ನಕ್ಕರು. “ಹನಿಮೂನಿಗೆ ಜೋಗವಾ? ಎಂತ ಮಾರಾಯ್ತಿ, ಹೈಸ್ಕೂಲಿನ ಟೂರಾ? ಬುತ್ತಿ ಕಟ್ಟಿಕೊಂಡು ಹೋಗ್ತೀಯಾ?” ಮೂರನೇ ಮೆಷಿನಿನಲ್ಲಿದ್ದ ಇಮ್ಯಾನುಯೆಲ್ ಅಂಕಲ್ ಮಾತ್ರ ನನ್ನ ಪರ. ಜುಲೈ ಕೊನೆಗೆ ಹೋಗು, ಆಗ ನೀರು ತುಂಬಿ ಬೀಳುತ್ತದೆ ಎಂದರು. ಅವರು ಹೇಳಿದ ದಿನಕ್ಕೇ ಗೊತ್ತು ಮಾಡಿದ್ದೇನೆ. ಜುಲೈ 25ರಿಂದ 27.

ನಿಜವಾದ ಕಾರಣ ಇಲ್ಲಿ ಮಾತ್ರ ಬರೆಯಬಹುದು. ಈ ಮನುಷ್ಯನನ್ನು ನಾನು ಎದುರಿಗೆ ನೋಡಿದ್ದು ಒಂದೇ ಸಲ, ಕಳೆದ ಡಿಸೆಂಬರಿನಲ್ಲಿ, ಶಂಕರಪುರದ ನಮ್ಮ ಮನೆಯ ಚಾವಡಿಯಲ್ಲಿ, ಹನ್ನೊಂದು ಜನರ ನಡುವೆ. ಅವರು ಗೋಳಿಬಜೆ ತಿಂದರು, ನಾನು ತಟ್ಟೆ ಹಿಡಿದೆ. ಆಮೇಲೆ ಎಲ್ಲ ಫೋನಿನಲ್ಲೇ. ಊಟಿಯಲ್ಲಿ ದಿನವಿಡೀ ಇವರ ಜೊತೆ ಎಂತ ಮಾತಾಡುವುದು? ಜೋಗದಲ್ಲಾದರೆ ಮಾತು ಬರದಿದ್ದಾಗ ನೀರು ನೋಡುತ್ತ ನಿಲ್ಲಬಹುದು.

ಜೂನ್ 24

ಇವತ್ತು ಅವರು ಒಂದು ನೇರ ಪ್ರಶ್ನೆ ಕೇಳಿದರು. ಆಶ್ಚರ್ಯ. ಡಿಸೆಂಬರಿನಲ್ಲಿ ನಾನು ಕೆಲಸ ಬಿಟ್ಟು ಕುವೈಟಿಗೆ ಬರುತ್ತೇನೋ ಇಲ್ಲವೋ? ಅವರು ಆಗಸ್ಟ್ 4ಕ್ಕೆ ವಾಪಸು ಹೋಗುತ್ತಾರಂತೆ. ಹೋದ ಕೂಡಲೇ ಕಾಗದಪತ್ರ ಶುರು ಮಾಡಬೇಕು, ಆದ್ದರಿಂದ ಅಷ್ಟರೊಳಗೆ ಹೇಳಬೇಕು.

“ಜೋಗದಲ್ಲಿ ಹೇಳ್ತೇನೆ” ಎಂದೆ.

ಹೇಳಿದ ಮೇಲೆ ಈ ಮಾತು ನನಗೇ ಹಿಡಿಸಿತು. ಮೂರು ದಿನ ನಾವಿಬ್ಬರೇ ಒಂದೇ ಕಡೆ ಇದ್ದರೆ ಈ ಮನುಷ್ಯನನ್ನು ನಂಬಿ ಸಮುದ್ರ ದಾಟಬಹುದೋ ಇಲ್ಲವೋ ಗೊತ್ತಾಗಿಯೇ ಆಗುತ್ತದೆ. ಆರು ವರ್ಷದಿಂದ ಮೆಷಿನಿನ ಪಕ್ಕ ಕೂತು ಜನರ ಮುಖ ನೋಡಿದವಳು ನಾನು. ರಕ್ತದೊತ್ತಡ ಇಳಿಯುವ ಮೊದಲೇ ಹಣೆ ನೋಡಿ ಹೇಳುತ್ತೇನೆ. ಗಂಡಸೊಬ್ಬನನ್ನು ಓದಲು ಮೂರು ದಿನ ಧಾರಾಳ.

ಈಗ ಕೇಳಿದರೆ ನನ್ನ ಉತ್ತರ ಇಲ್ಲ ಎಂದೇ. ಆದರೂ ನ್ಯಾಯವಾಗಿ ನೋಡಿಯೇ ಹೇಳಬೇಕು.

ಜುಲೈ 4, ಕಾರ್ಕಳ

ನಿನ್ನೆ ಮದುವೆಯಾಯಿತು. ಕಾಲು ನೋವು. ತಲೆಯಿಂದ ಮಲ್ಲಿಗೆ ಬಿಡಿಸಲು ನಾದಿನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಹೂವೆಲ್ಲ ನಮ್ಮ ಗಿಡದ್ದೇ, ಅಮ್ಮ ಕಟ್ಟಿದ್ದೇ. ರಿತೇಶ್, ಅಂದರೆ ಕುವೈಟಿನವರು, “ಊಟ ಆಯಿತಾ?” ಎಂದು ಎರಡು ಸಲ ಕೇಳಿದರು. ಎರಡು ಸಲವೂ ಆಗಿತ್ತು.

ಜುಲೈ 10

ಈ ಮನೆಯಲ್ಲಿ ಹನ್ನೆರಡು ಜನ. ಮುಂಬಯಿಯ ನಾದಿನಿ, ಅವಳ ಮೂವರು ಮಕ್ಕಳು, ಊರಿನ ದೊಡ್ಡಮ್ಮ, ಮತ್ತೆ ಯಾರು ಯಾರೋ. ನಮ್ಮ ಕೋಣೆಗೂ ಅತ್ತೆಯ ಕೋಣೆಗೂ ನಡುವೆ ಇರುವುದು ಮರದ ಹಲಗೆ. ಆಚೆ ಅತ್ತೆ ಮಗ್ಗುಲು ಬದಲಿಸಿದರೆ ಈಚೆ ಮಂಚಕ್ಕೆ ತಿಳಿಯುತ್ತದೆ. ದಿನಾ ಒಬ್ಬ ನೆಂಟರ ಮನೆಯಲ್ಲಿ ಔತಣ. ಬೈಲೂರಿನಲ್ಲಿ ಕೋಳಿ ರೊಟ್ಟಿ, ಹಿರಿಯಡ್ಕದಲ್ಲಿ ಕೋಳಿ ರೊಟ್ಟಿ, ನಿನ್ನೆ ಸಾಣೂರಿನಲ್ಲೂ ಕೋಳಿ ರೊಟ್ಟಿ. ಎಲ್ಲರ ಮುಂದೆ ರಿತೇಶ್ ಚೆನ್ನಾಗಿಯೇ ಇರುತ್ತಾರೆ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಾರೆ. ಕೋಣೆಗೆ ಬಂದು ಬಾಗಿಲು ಹಾಕಿದರೆ ಮಾತು ಕಟ್. “ನಿದ್ದೆ ಬಂತಾ?” “ಹೂಂ.” ನಿದ್ದೆ ಬಂದವಳು ಹೂಂ ಎನ್ನುತ್ತಾಳಾ ಎಂದು ಯೋಚಿಸುವಷ್ಟು ಬುದ್ಧಿಯೂ ಇಲ್ಲವಾ?

ಒಂದು ವಾರದಿಂದ ಒಂದು ಕಡೆ ಕೂರಲು ಆಗುತ್ತಿಲ್ಲ. ಅಂಗಳಕ್ಕೆ ಹೋಗುತ್ತೇನೆ, ಒಳಗೆ ಬರುತ್ತೇನೆ, ಪಾತ್ರೆ ತೊಳೆಯಲು ಹೋದರೆ ಹೊಸ ಮದುಮಗಳು ಎಂದು ಓಡಿಸುತ್ತಾರೆ. 25ನೇ ತಾರೀಕು ಬೇಗ ಬರಲಿ.

ಜುಲೈ 13

ಅಮ್ಮನ ಫೋನು. ಹೂವಿನ ವಿಷಯ, ಮಳೆಯ ವಿಷಯ, ನೆರೆಮನೆಯ ನಾಯಿ ಮರಿ ಹಾಕಿದ ವಿಷಯ ಎಲ್ಲ ಹೇಳಿ, ಕಟ್ ಮಾಡುವ ಹೊತ್ತಿಗೆ, “ಹದಿನಾರಕ್ಕೆ ಸಂಜೆ ನಾವು ಬರ್ತೇವೆ ಮಗಾ, ನಿನ್ನನ್ನು ಕರಕೊಂಡು ಹೋಗಲಿಕ್ಕೆ” ಎಂದರು.

“ಎಲ್ಲಿಗೆ?”

“ಎಲ್ಲಿಗೆ ಅಂತ ಕೇಳ್ತಿ! ಹದಿನೇಳಕ್ಕೆ ಆಟಿ ಹಿಡಿಯುತ್ತದಲ್ಲ. ಆಟಿ ಕುಳಿತುಕೊಳ್ಳಲಿಕ್ಕೆ ನಮ್ಮ ಮನೆಗೆ.”

ನನ್ನ ಕೈಯಿಂದ ಫೋನು ಬೀಳುವುದೊಂದು ಬಾಕಿ. ಆಟಿ ತಿಂಗಳಲ್ಲಿ, ಅಂದರೆ ನಮ್ಮ ತುಳುವರ ಆಷಾಢದಲ್ಲಿ, ಮದುವೆ ಆಗಬಾರದು ಎಂದು ಗೊತ್ತಿತ್ತು, ಅದಕ್ಕೇ ಜುಲೈ ಮೂರಕ್ಕೆ ಅವಸರದಲ್ಲಿ ಮುಗಿಸಿದ್ದು. ಮೊದಲ ವರ್ಷ ಮದುಮಗಳು ಆ ತಿಂಗಳಿಡೀ ತಾಯಿಮನೆಯಲ್ಲಿ ಕೂರಬೇಕು ಎಂಬುದು ತಲೆಯಲ್ಲೇ ಇರಲಿಲ್ಲ. ಪರ್ಕಳದ ರೂಮಿನಲ್ಲಿ ಆರು ವರ್ಷ ಇದ್ದವಳಿಗೆ ಆಟಿ ಎಂದರೆ ಅಮ್ಮ ಡಬ್ಬಿಯಲ್ಲಿ ಕಳಿಸುವ ಕೆಸುವಿನೆಲೆಯ ಪತ್ರೊಡೆ ಅಷ್ಟೇ. ನೀರು ತುಂಬುವ ದಿನ ಹುಡುಕಿದೆ, ಅವರ ರಜೆ ನೋಡಿದೆ, ನನ್ನ ಪಾಳಿ ನೋಡಿದೆ. ಪಂಚಾಂಗ ನೋಡಲಿಲ್ಲ. ಜೋಗ ತುಂಬಿ ಬೀಳುವುದೇ ಆಟಿಯಲ್ಲಿ!

ಅಮ್ಮನಿಗೆ ಬುಕಿಂಗ್ ಆದದ್ದು ಹೇಳಿದೆ. “ಅದು ಸೋಣ ತಿಂಗಳಲ್ಲಿ ಹೋಗಿ” ಎಂದರು. ಆಗಸ್ಟ್ ನಡುವಿನಲ್ಲಿ ಸೋಣ ಬರುವ ಹೊತ್ತಿಗೆ ಅವರು ಕುವೈಟಿನಲ್ಲಿರುತ್ತಾರಮ್ಮ ಎಂದೆ. “ಹಾಗಾದರೆ ಮುಂದಿನ ವರ್ಷ. ಜೋಗ ಎಂತ ಓಡಿ ಹೋಗ್ತದಾ?”

ಜುಲೈ 14

ಊಟದ ಹೊತ್ತಿಗೆ ವಿಷಯ ಎತ್ತಿದೆ. ಅತ್ತೆ ಅಮ್ಮನ ಪರ. ದೊಡ್ಡಮ್ಮ ಅಮ್ಮನ ಪರ. ಮುಂಬಯಿಯಲ್ಲಿ ಇಪ್ಪತ್ತು ವರ್ಷ ಇದ್ದ ನಾದಿನಿ ಕೂಡ ಅಮ್ಮನ ಪರ. ನಾನು ರಿತೇಶ್ ಮುಖ ನೋಡಿದೆ. ಅವರು ಅನ್ನಕ್ಕೆ ಸಾರು ಕಲಸುತ್ತಲೇ ಇದ್ದರು. ಇಲ್ಲಿ ಬಾಯಿ ಬಿಡದವರು ಕುವೈಟಿನಲ್ಲಿ ನನ್ನ ಪರವಾಗಿ ಯಾರ ಹತ್ತಿರ ಮಾತಾಡುತ್ತಾರೆ?

ಇನ್ನು ಜೋಗಕ್ಕೆ ಹೋಗಿ ನೋಡುವುದೂ ಬೇಡ. ಉತ್ತರ ಸಿಕ್ಕಿತು.

ಜುಲೈ 17, ಶಂಕರಪುರ

ಆಟಿ ಹಿಡಿಯಿತು. ನಾನು ಕುಳಿತಿದ್ದೇನೆ.

ಹೇಳಲು ನಾಚಿಕೆ, ಆದರೆ ಇಲ್ಲಿ ಸುಳ್ಳು ಬರೆದು ಯಾರಿಗೆ ಪ್ರಯೋಜನ? ನಿನ್ನೆ ಅಪ್ಪನ ಕಾರು ಕಾರ್ಕಳದ ಗೇಟು ದಾಟಿದಾಗ ನನಗೆ ಸಮಾಧಾನವಾಯಿತು. ಅಳು ಬರಬೇಕಾದ ಹೊತ್ತಿಗೆ ಸಮಾಧಾನ. ಇನ್ನು ಜೋಗದ ಆ ಮೂರು ದಿನ ಅವರೊಬ್ಬರ ಜೊತೆ ಇರಬೇಕಾಗಿಲ್ಲ ಎಂದು. ಜಗಳವಾಡಿದ್ದು ನಾನು, ಹಟ ಹಿಡಿದದ್ದು ನಾನು, ಒಳಗಿಂದ ಹಗುರವಾದದ್ದೂ ನಾನೇ. ನನ್ನನ್ನು ನೋಡಿ ನನಗೇ ಸಿಟ್ಟು ಬರುತ್ತದೆ.

ಇಲ್ಲಿಂದಲೇ ಬಸ್ಸಿನಲ್ಲಿ ಮಣಿಪಾಲಕ್ಕೆ ಡ್ಯೂಟಿಗೆ ಹೋಗಿ ಬಂದೆ. ಆಟಿ ಕುಳಿತುಕೊಳ್ಳುವವಳು ಕಟಪಾಡಿಯಲ್ಲಿ ಬಸ್ಸಿಗೆ ಓಡುವುದನ್ನು ನೋಡಿ ಅಪ್ಪ ನಕ್ಕರಂತೆ.

ಜುಲೈ 20

ಇಂಥದ್ದು ಎಲ್ಲಿಯಾದರೂ ಕೇಳಿದ್ದುಂಟಾ?

ಭಾನುವಾರ, ನಾನು ಮನೆಯಲ್ಲೇ. ಅಮ್ಮ ಚಾವಡಿಯಲ್ಲಿ ಮೊಗ್ಗು ಹರಡಿಕೊಂಡು ಬಾಳೆನಾರಿನಿಂದ ಕಟ್ಟುತ್ತಿದ್ದರು. ಮಳೆಗಾಲ, ಮಲ್ಲಿಗೆ ಕಡಿಮೆ, ಮಾರಲು ಸುತ್ತುವ ಒಂದು ಚೆಂಡು ಮಾಲೆ ಆಗುವಷ್ಟೂ ಇರಲಿಲ್ಲ. ಹತ್ತು ಗಂಟೆಗೆ ರಿತೇಶ್ ಬೈಕಿನಲ್ಲಿ ಬಂದರು, ರೈನ್‌ಕೋಟಿನಿಂದ ನೀರು ಸುರಿಸುತ್ತ. ಹೇಳದೆ ಕೇಳದೆ. ನನ್ನ ಕಡೆ ನೋಡಿ ಒಂದು ನಗು, ನೇರವಾಗಿ ಅಮ್ಮನ ಎದುರು ಹೋಗಿ ನೆಲದ ಮೇಲೆ ಕೂತರು.

“ಮಾಮಿ, ಆಟಿಯಲ್ಲಿ ನಿಖಿತಾ ನಿಮ್ಮ ಜೊತೆ ಇರಬೇಕು ಅಲ್ವಾ?”

“ಹೌದು. ಕ್ರಮ ಹಾಗೆ.”

“ನಿಮ್ಮ ಜೊತೆಯಾ, ಈ ಮನೆಯಲ್ಲಾ?”

ಅಮ್ಮ ನಾರು ಹಿಡಿದ ಕೈ ನಿಲ್ಲಿಸಿದರು. “ಅದೇ ಅಲ್ವಾ? ತಾಯಿ ಇದ್ದಲ್ಲಿ ತಾಯಿಮನೆ.”

“ಹಾಗಾದರೆ ನೀವೂ ಜೋಗಕ್ಕೆ ಬನ್ನಿ.”

ಅಪ್ಪ ಒಳಗಿಂದ ಪೇಪರ್ ಹಿಡಿದುಕೊಂಡೇ ಬಂದರು. ಅಮ್ಮ ಖಂಡಿತ ಬೈಯುತ್ತಾರೆ, ಇದೆಂಥ ನಾಚಿಕೆಗೇಡು ಎನ್ನುತ್ತಾರೆ ಎಂದುಕೊಂಡೆ. ಅಮ್ಮ ಮೊಗ್ಗು ನೋಡಿದರು, ಮಳೆ ನೋಡಿದರು, ಅಪ್ಪನನ್ನು ನೋಡಿದರು. “ಮೂರು ದಿನ ಹೂ ಕೊಯ್ಯಲಿಕ್ಕೆ ನಿಮ್ಮಿಂದ ಆಗ್ತದಾ?” ಅಪ್ಪ ಮೂವತ್ತೆರಡು ವರ್ಷ ಕಾರ್ಕಳ ಉಡುಪಿ ಬಸ್ಸು ಓಡಿಸಿದವರು, ಒಂದು ಮೊಗ್ಗು ಕೊಯ್ದವರಲ್ಲ. “ಆಗದೆ ಎಂತ?” ಎಂದರು.

ಅಮ್ಮ ನನ್ನ ಕಡೆ ತಿರುಗಿ ಒಂದು ಮಾತು ಕೇಳಲಿಲ್ಲ. “ಅಲ್ಲಿ ಚಳಿ ಉಂಟಾ?” ಎಂದು ಕೇಳಿದ್ದು ರಿತೇಶ್ ಹತ್ತಿರ.

ಜುಲೈ 21

ಡುಲ್ಸಿನ್ ಸಿಸ್ಟರಿಗೆ ಹೇಳಬಾರದಿತ್ತು. ಇಮ್ಯಾನುಯೆಲ್ ಅಂಕಲ್ ನಗುತ್ತ ಅಲುಗಾಡಿ ಮೆಷಿನು ಅಲಾರಂ ಹೊಡೆಯಿತು.

ರಿತೇಶ್ ಅವರಿಗೆ ಫೋನ್ ಮಾಡಿ ಇದು ಯಾರ ಐಡಿಯಾ ಎಂದು ಕೇಳಿದೆ. “ನನ್ನದೇ” ಎಂದರು. ನನ್ನ ಹತ್ತಿರ ಒಂದು ಮಾತು ಕೇಳಬಹುದಿತ್ತಲ್ಲ ಎಂದೆ. “ಕೇಳಿದರೆ ನೀವು ಬೇಡ ಅಂತಿದ್ದಿರಿ.” ಸತ್ಯ. ಆದರೆ ಸತ್ಯ ಹೇಳಿದ ಮಾತ್ರಕ್ಕೆ ಸಿಟ್ಟು ಇಳಿಯಬೇಕೆಂದು ಎಲ್ಲಿ ಬರೆದಿದೆ?

ಜುಲೈ 24

ಆಟಿ ಅಮಾವಾಸ್ಯೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ತೊಗಟೆಯ ಕಷಾಯ. ಕಹಿ ಮಧ್ಯಾಹ್ನದವರೆಗೂ ನಾಲಿಗೆ ಬಿಡಲಿಲ್ಲ.

ಅಮ್ಮನ ಚೀಲ ಮೂರು ದಿನದಿಂದ ತಯಾರು. ಅದರೊಳಗೆ ಎರಡು ಕಂಬಳಿ, ಒಂದು ಫ್ಲಾಸ್ಕ್, ಅಮೃತಾಂಜನ, ಪತ್ರೊಡೆ, ಮತ್ತೆ ಯಾಕೋ ಒಂದು ಮಟ್ಟುಗುಳ್ಳ. ಹನಿಮೂನಿಗೆ ಬದನೆಕಾಯಿ ಯಾಕಮ್ಮ ಎಂದು ಕೇಳಿದೆ. “ಅಲ್ಲಿಯ ಅಡುಗೆಯವರಿಗೆ ಕೊಟ್ಟರೆ ಸಾಂಬಾರು ಮಾಡಿ ಕೊಡ್ತಾರೆ. ನಿನ್ನ ಗಂಡನಿಗೆ ಗುಳ್ಳ ಇಷ್ಟ ಅಂತೆ.” ಅವರಿಗೆ ಯಾವುದಾದರೂ ಒಂದು ಇಷ್ಟ ಇರುವುದು ನನಗೆ ಗೊತ್ತಾದದ್ದು ಹೀಗೆ, ಅಮ್ಮನ ಬಾಯಿಯಿಂದ.

ಜುಲೈ 25, ಜೋಗ

ಬೆಳಿಗ್ಗೆ ಆರಕ್ಕೆ ಹೊರಟೆವು. ಬಾಡಿಗೆ ಕಾರು, ರಿತೇಶ್ ಡ್ರೈವರು. ಅಮ್ಮ ಮುಂದೆ, ನಾನು ಹಿಂದೆ. ಹಿಂದೆ ಕೂತರೆ ಅಮ್ಮನಿಗೆ ವಾಂತಿ ಬರುತ್ತದೆ. ಕುವೈಟಿನಲ್ಲಿ ಗಾಡಿ ರಸ್ತೆಯ ಬಲಕ್ಕೆ ಹೋಗುವುದಂತೆ. ಕುಂದಾಪುರದವರೆಗೆ ಪ್ರತಿ ತಿರುವಿನಲ್ಲೂ ಇವರ ಕೈ ಬಲಕ್ಕೇ ಎಳೆಯುತ್ತಿತ್ತು. “ಎಡಕ್ಕೆ, ಎಡಕ್ಕೆ” ಎಂದು ಅಮ್ಮ ಹೇಳಿದ್ದೇ ಹೇಳಿದ್ದು, ಇವರು “ಹೌದು ಮಾಮಿ” ಎಂದದ್ದೇ ಎಂದದ್ದು. ಹೊನ್ನಾವರ ದಾಟುವಷ್ಟರಲ್ಲಿ ಇಬ್ಬರೂ ಜೋಡಿಯಾಗಿ ಬಸ್ಸು ಓಡಿಸಿದವರ ಹಾಗೆ ಆಗಿದ್ದರು. ಘಟ್ಟ ಹತ್ತುವಾಗ ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದ್ದೆ. ಅಮ್ಮ ಇವರ ಹತ್ತಿರ ಏನೆಲ್ಲ ಕೇಳಿದರು! ಅಲ್ಲಿ ಗಂಜಿ ಸಿಗ್ತದಾ, ಬಟ್ಟೆ ಯಾರು ಒಗೆಯುವುದು, ಜ್ವರ ಬಂದರೆ ಯಾರು ನೋಡುವುದು. ಇವರು ಪ್ರತಿಯೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟರು. ಕಳೆದ ವರ್ಷ ಟೈಫಾಯ್ಡ್ ಆಗಿ ಹದಿನೆಂಟು ದಿನ ಮಲಗಿದ್ದರಂತೆ. ಒಂದರ ಮೇಲೊಂದು ಇರುವ ಮಂಚದಲ್ಲಿ ಇವರದು ಮೇಲಿನದು. ಇಳಿದು ಹತ್ತಲು ಆಗದ್ದು ನೋಡಿ ಕೆಳಗಿನವನು ಮಂಚ ಬದಲಿಸಿಕೊಟ್ಟನಂತೆ. ನನ್ನ ಹತ್ತಿರ ಇದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಜೋಗ ಕಾಣಲಿಲ್ಲ. ಕಟಕಟೆಯ ಆಚೆ ಬರೀ ಬಿಳಿ ಮಂಜು, ಒಳಗಿಂದ ದೊಡ್ಡ ಸದ್ದು. ಒಂದೂವರೆ ಗಂಟೆ ನಿಂತೆವು. ಅಮ್ಮ ಕೈಮುಗಿದರು. “ಕಾಣದಿದ್ದರೂ ಉಂಟಲ್ಲ” ಎಂದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಜುಲೈ 26, ಬೆಳಿಗ್ಗೆ

ನೋಡಬೇಕೆಂದು ಹೇಳಿದವಳು ನಾನು. ನೋಡಿದ್ದು ಅವರಿಬ್ಬರು!

ಸಿಟ್ಟಿನಲ್ಲಿ ಏಳೂವರೆಯವರೆಗೆ ಮುಸುಕು ಹಾಕಿ ಮಲಗಿದ್ದೆ. ಅಮ್ಮ ಮತ್ತು ಇವರು ಚಹಾ ಕುಡಿಯಲು ಹೋದವರು ಹಾಗೇ ವ್ಯೂ ಪಾಯಿಂಟಿಗೆ ಹೋಗಿದ್ದಾರೆ. ಹತ್ತು ನಿಮಿಷ ಮಂಜು ಸರಿದು ಇಡೀ ಜೋಗ ಕಂಡಿತಂತೆ. ರಾಜ, ರಾಣಿ, ರೋರರ್, ರಾಕೆಟ್, ನಾಲ್ಕೂ ಒಟ್ಟಿಗೆ ತುಂಬಿ ಬೀಳುತ್ತಿದ್ದವಂತೆ. ಅಮ್ಮನ ಸೀರೆ ಮೊಣಕಾಲಿನವರೆಗೆ ಒದ್ದೆ, ಮುಖ ಅರಳಿತ್ತು. ಇವರು ನನ್ನನ್ನು ಎಬ್ಬಿಸಲು ಓಡಿ ಬಂದರಂತೆ. ಬಂದು ಬಾಗಿಲು ಬಡಿಯುವಷ್ಟರಲ್ಲಿ ಮತ್ತೆ ಮುಚ್ಚಿತು. ಇವರ ಚಪ್ಪಲಿಯ ಬಾರು ಕಿತ್ತುಹೋಗಿದೆ.

ಅದೇ ದಿನ, ಸಂಜೆ

ಮಧ್ಯಾಹ್ನ ಅಮ್ಮ ಮಲಗಿದಾಗ ಜಗಲಿಯಲ್ಲಿ ಇವರೊಬ್ಬರೇ ಕೂತು ಚಪ್ಪಲಿಗೆ ದಾರ ಕಟ್ಟುತ್ತಿದ್ದರು. ಹೋಗಿ ಎದುರು ನಿಂತೆ.

“ಅಮ್ಮನನ್ನು ಎಂತಕ್ಕೆ ಕರೆದಿರಿ? ಅಮ್ಮನಿಗೆ ಖುಷಿಯಾಗಲಿ ಅಂತಾನಾ, ಬುಕಿಂಗ್ ಹಾಳಾಗಬಾರದು ಅಂತಾನಾ? ನಿಜ ಹೇಳಿ.”

ಇವರು ದಾರಕ್ಕೆ ಇನ್ನೊಂದು ಗಂಟು ಹಾಕಿದರು. ನಾನು ಕಾದೆ.

“ಹೆದರಿಕೆ ಆಯಿತು” ಎಂದರು.

“ಯಾರ ಹೆದರಿಕೆ?”

“ನಿಮ್ಮದು. ಮೂರು ದಿನ ನಾವಿಬ್ಬರೇ. ಎಂತ ಮಾತಾಡುವುದು? ಹನ್ನೊಂದು ವರ್ಷ ಆರು ಜನ ಗಂಡಸರ ಜೊತೆ ಒಂದು ಕೋಣೆಯಲ್ಲಿ ಇದ್ದವ ನಾನು. ಅಲ್ಲಿ ಮಾತು ಅಂದರೆ ಇವತ್ತು ಯಾರ ಅಡುಗೆ, ಯಾರ ಬಕೆಟ್, ಅಷ್ಟೇ. ನೀವು ಫೋನಿನಲ್ಲಿ ಒಂದು ಕೇಳ್ತೀರಿ. ನಾನು ಒಳ್ಳೆಯ ಉತ್ತರ ಹುಡುಕುವಾಗ ಇನ್ನೊಂದು ಕೇಳ್ತೀರಿ. ಉತ್ತರ ಜೋಗದಲ್ಲಿ ಅಂದಿರಿ. ನನಗೆ ಅದು ಪರೀಕ್ಷೆ ಅಂತ ಗೊತ್ತಾಯಿತು. ಮಾಮಿ ಇದ್ದರೆ ನಾನು ಸ್ವಲ್ಪ ಮನುಷ್ಯನ ಹಾಗೆ ಕಾಣಬಹುದು ಅಂತ ಅನ್ನಿಸಿತು.”

ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಆಮೇಲೆ ಹದಿನಾರನೇ ತಾರೀಕು ಕಾರ್ಕಳದ ಗೇಟು ದಾಟುವಾಗ ನನಗೆ ಆದ ಸಮಾಧಾನವನ್ನು ಹೇಳಿಬಿಟ್ಟೆ. ಹೇಳಬೇಕೆಂದು ಅಂದುಕೊಂಡಿರಲಿಲ್ಲ. ಇವರ ಮುಖ ಒಂದು ಕ್ಷಣ ಸಣ್ಣದಾಯಿತು, ಮತ್ತೆ ಅವರೂ ನಕ್ಕರು. ಒಳಗಿಂದ ಅಮ್ಮ, “ಎಂತ ನಗು, ನನಗೂ ಹೇಳಿ” ಎಂದರು. ಇಬ್ಬರೂ ಹೇಳಲಿಲ್ಲ.

ಮಟ್ಟುಗುಳ್ಳದ ಸಾಂಬಾರು ಚೆನ್ನಾಗಿತ್ತು. ಇವರು ಮೂರು ಸಲ ಹಾಕಿಸಿಕೊಂಡರು.

ಜುಲೈ 27

ಅಮ್ಮನಿಗೆ ಬೆಳಿಗ್ಗೆ ಮೊಣಕಾಲು ನೋವು ಶುರುವಾಯಿತು. ನಿನ್ನೆ ಮಳೆಯಲ್ಲಿ ಅಷ್ಟು ದೂರ ನಡೆದವರಿಗೆ ಇವತ್ತು ಬಾಗಿಲಿನವರೆಗೂ ಬರಲು ಆಗಲಿಲ್ಲ. ನಾವು ಹೊರಟ ಮೇಲೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ತಿರುಗಿ ನೋಡಿದರೆ ಸರಕ್ಕನೆ ಮಂಚಕ್ಕೆ ಹೋದರು.

ಮತ್ತೆ ಮಂಜು. ಒಂದೇ ಕೊಡೆ. ಇವರು ಕೊಡೆಯನ್ನು ನನ್ನ ಕಡೆಗೇ ಹಿಡಿದು ತಮ್ಮ ಎಡಭುಜ ಪೂರ್ತಿ ನೆನೆಸಿಕೊಂಡರು. ಹೇಳಿದರೆ ಸರಿ ಮಾಡುತ್ತಾರೆ, ಎರಡು ನಿಮಿಷಕ್ಕೆ ಮತ್ತೆ ಹಾಗೇ.

“ನೀವು ಉತ್ತರ ಹೇಳುವ ಮೊದಲು ನಾನೊಂದು ಹೇಳಬೇಕು” ಎಂದರು. “ಕುವೈಟಿನಲ್ಲಿ ನಮಗೆ ಮನೆ ನೋಡಿದ್ದೇನೆ ಅಂತ ಫೋನಿನಲ್ಲಿ ಹೇಳಿದೆನಲ್ಲ, ಅದು ಮನೆ ಅಲ್ಲ. ಒಂದು ಕೋಣೆ. ಅಡುಗೆಮನೆ ಮೂಡಬಿದಿರೆಯ ಒಂದು ಫ್ಯಾಮಿಲಿ ಜೊತೆ. ಗಂಡ, ಹೆಂಡತಿ, ಎರಡು ಮಕ್ಕಳು. ಒಳ್ಳೆಯವರು. ಆದರೆ ಒಂದೇ ಅಡುಗೆಮನೆ.”

ಸಿಟ್ಟು ಬಂತು. “ಮೊದಲೇ ಹೇಳಲಿಕ್ಕೆ ಎಂತ?”

“ಹೇಳಿದರೆ ಇಲ್ಲಿಗೂ ಬರ್ತಿರಲಿಲ್ಲ.”

ನಾನೂ ಮುಚ್ಚಿಡಲಿಲ್ಲ. ನೀವು ಬೆಳಿಗ್ಗೆ ಹೋದರೆ ರಾತ್ರಿ ಬರುವುದು. ನಾನು ಇನ್ನೊಬ್ಬರ ಕುಕ್ಕರಿನ ಸೀಟಿ ಎಣಿಸುತ್ತ ಒಂದು ಕೋಣೆಯಲ್ಲಿ ಎಷ್ಟು ದಿನ ಕೂರುವುದು? ಇಲ್ಲಿ ನನ್ನನ್ನು ಕಾಯುವ ಜನ ಇದ್ದಾರೆ. ವಾರಕ್ಕೆ ಮೂರು ಸಲ ಬರುತ್ತಾರೆ, ಸೂಜಿ ನೀನೇ ಹಾಕು ಎನ್ನುತ್ತಾರೆ. ಕೈಯಲ್ಲಿ ಕೆಲಸವಿಲ್ಲದಿದ್ದರೆ ನಾನು ಎರಡು ತಿಂಗಳಲ್ಲಿ ಹುಚ್ಚಿಯಾಗಿ ನಿಮ್ಮ ಮೇಲೆ ಹಾರುತ್ತೇನೆ. ಡಿಸೆಂಬರಿಗೆ ಬರುವುದಿಲ್ಲ ಎಂದೆ.

ಇವರು ಮಂಜಿನ ಕಡೆ ನೋಡುತ್ತಲೇ ಇದ್ದರು. ನೀರಿನ ಸದ್ದಿಗೆ ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಲು ಹೊರಟೆ.

“ಕೇಳಿತು” ಎಂದರು. “ನೀವು ಹೇಳಿದ್ದು ಸರಿ ಉಂಟು.”

ಅಷ್ಟೇ. ಒತ್ತಾಯವಿಲ್ಲ, ಮುನಿಸಿಲ್ಲ. ನನಗೆ ಬೇಕಾದದ್ದೂ ಅದೇ ಅಲ್ಲವೇ? ಆದರೂ ಒಂದು ಸಲವಾದರೂ ಬನ್ನಿ ಎನ್ನಬಹುದಿತ್ತು. ದಾರಿಯಲ್ಲಿ ಅಮ್ಮ ಹಿಂದೆ ಕೂತರು. ವಾಂತಿ ಬರುತ್ತದೆ ಎಂದರೆ “ಈಗ ಬರುವುದಿಲ್ಲ” ಎಂದರು. ನಾನು ಮುಂದೆ. ಒಂದು ಸಲವೂ ಎಡಕ್ಕೆ ಎಂದು ಹೇಳಬೇಕಾಗಲಿಲ್ಲ.

ಉತ್ತರ ಕೊಟ್ಟದ್ದಾಯಿತು. ಇನ್ನು ನೆಮ್ಮದಿಯಿಂದ ಇರಬಹುದು.

ಜುಲೈ 30

ಇವರು ಮಧ್ಯಾಹ್ನ ಮಣಿಪಾಲಕ್ಕೆ ಬಂದಿದ್ದರು. ಕೆಲಸ ಇತ್ತಂತೆ. ಏನು ಕೆಲಸ ಎಂದು ಕೇಳಿದೆ, ಹುಡುಕಿ ಹೇಳಿದರು, ಬೆಲ್ಟ್ ತೆಗೆದುಕೊಳ್ಳಬೇಕಿತ್ತು. ಕ್ಯಾಂಟೀನಿನಲ್ಲಿ ಊಟ ಮಾಡಿದೆವು. ನನ್ನ ಅರ್ಧ ಗಂಟೆ ಐವತ್ತು ನಿಮಿಷವಾಯಿತು, ಡುಲ್ಸಿನ್ ಸಿಸ್ಟರ್ ಗಡಿಯಾರ ತೋರಿಸಿದರು.

ಜುಲೈ 31

ಇವತ್ತೂ ಬಂದರು. ಚಪ್ಪಲಿ ತೆಗೆದುಕೊಳ್ಳಬೇಕಿತ್ತು.

ಆಗಸ್ಟ್ 1

ಇವತ್ತು ಕಾರಣ ಹೇಳಲಿಲ್ಲ, ನಾನು ಕೇಳಲಿಲ್ಲ. ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ನಿಂತು ಕೆಳಗೆ ಸ್ವರ್ಣಾ ನದಿ ನೋಡಿದೆವು. ಟೈಫಾಯ್ಡಿನ ಕಥೆಯನ್ನು ಮೊದಲಿಂದ ಹೇಳಿಸಿದೆ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿಯರು ನಮ್ಮನ್ನು ಕದ್ದು ತಿರುಗುವ ಜೋಡಿ ಎಂದುಕೊಂಡರೋ ಏನೋ, ನೋಡಿ ನೋಡಿ ನಗುತ್ತಿದ್ದರು.

ಆಗಸ್ಟ್ 4, ಶಂಕರಪುರ

ಬೆಳಿಗ್ಗೆ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೋಗಿ ಬಂದೆವು. ಕಾರ್ಕಳದವರೂ ಬಂದಿದ್ದರು, ಎಂಟು ಜನರ ಮುಂದೆ ಎಂತ ಮಾತಾಡುವುದು? ಇವರು ಎಲ್ಲರ ಕಾಲಿಗೂ ನಮಸ್ಕಾರ ಮಾಡಿ, ನನ್ನ ಹತ್ತಿರ ಬಂದು, “ಬರ್ತೇನೆ” ಎಂದರು. “ಹೂಂ” ಎಂದೆ. ಒಳಗೆ ಹೋದವರು ಗಾಜಿನ ಆಚೆಯಿಂದ ಒಮ್ಮೆ ತಿರುಗಿದರು. ಯಾವ ಗಾಜಿನ ಹಿಂದೆ ನಾವಿದ್ದೇವೆಂದು ಗೊತ್ತಾಗದೆ ಬೇರೆ ಯಾರಿಗೋ ಕೈ ಬೀಸಿದರು.

ನಾನು ಸರಿಯಾಗಿಯೇ ಇದ್ದೆ. ಮನೆಗೆ ಬಂದೆ, ಊಟ ಮಾಡಿದೆ, ಅಮ್ಮನ ಜೊತೆ ಮೊಗ್ಗು ಕಟ್ಟಲು ಕೂತೆ. ನಾರು ಬಿಗಿಯಾಗಿ ಮೊಗ್ಗು ತುಂಡಾದದ್ದನ್ನು ನೋಡಿ ಅಮ್ಮ ನನ್ನ ಕೈಯಿಂದ ಮಾಲೆ ತೆಗೆದುಕೊಂಡರು. ಆಗ ಗೊತ್ತಾಯಿತು, ಅಳುತ್ತಿದ್ದೇನೆ ಎಂದು.

“ಎಂತಕ್ಕೆ ಮಗಾ?”

“ಅಷ್ಟು ದೂರ ಹೋಗಿ ಜೋಗ ಸರಿಯಾಗಿ ನೋಡಲಿಕ್ಕೆ ಆಗಲಿಲ್ಲ.”

“ಜೋಗಕ್ಕೆ ಇಷ್ಟು ಅಳುವವರನ್ನು ನಾನು ನೋಡಿರಲಿಲ್ಲ” ಎಂದು ಅಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು.

ನನಗೆ ಇವರು ಬೇಕು. ಬರೆದುಬಿಟ್ಟೆ. ಕೊಟ್ಟ ಉತ್ತರ ತಪ್ಪಲ್ಲ. ಕೆಲಸವಿಲ್ಲದೆ ಆ ಕೋಣೆಯಲ್ಲಿ ಕೂರಲು ಈಗಲೂ ನನ್ನಿಂದ ಆಗುವುದಿಲ್ಲ. ಆದರೂ ಇವರು ಬೇಕು.

ನಾಲ್ಕು ಗಂಟೆಗೆ ತಲುಪಿದೆ ಎಂದು ಮೆಸೇಜ್ ಬಂತು. ಬಹಳ ಹೊತ್ತು ಯೋಚಿಸಿ, ಅಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್ ಕೆಲಸಕ್ಕೆ ಏನೆಲ್ಲ ಬೇಕಾಗುತ್ತದೆ, ಸುಮ್ಮನೆ ತಿಳಿದುಕೊಳ್ಳಲಿಕ್ಕೆ, ಎಂದು ಕೇಳಿದೆ. ಇವರ ಉತ್ತರಕ್ಕೆ ನಾಳೆಯವರೆಗೆ ಕಾಯಬೇಕು ಎಂದುಕೊಂಡು ಫೋನು ಕೆಳಗಿಡುವಷ್ಟರಲ್ಲಿ ಒಂದರ ಹಿಂದೆ ಒಂದು ಐದು ಫೋಟೋ ಬಂದವು. ಪರವಾನಗಿಯ ಅರ್ಜಿ, ಬೇಕಾದ ದಾಖಲೆಗಳ ಪಟ್ಟಿ, ಪರೀಕ್ಷೆಯ ವಿವರ, ಎರಡು ಆಸ್ಪತ್ರೆಗಳ ವಿಳಾಸ. ಕಾಗದದ ಮಡಿಕೆಗಳೆಲ್ಲ ಸವೆದು ಹೋಗಿವೆ. ಪಟ್ಟಿಯ ಪಕ್ಕದಲ್ಲಿ ಇವರ ಕೈಬರಹ, ಯಾವ ಕಚೇರಿ, ಯಾವ ದಿನ, ಯಾರನ್ನು ಕೇಳಬೇಕು ಎಂದು.

ಇಷ್ಟು ಬೇಗ ಎಲ್ಲಿ ಸಿಕ್ಕಿತು ಎಂದು ಕೇಳಿದೆ.

“ಜೂನಿನಲ್ಲೇ ತಂದಿಟ್ಟಿದ್ದೆ. ಜೋಗಕ್ಕೂ ತಂದಿದ್ದೆ, ಬ್ಯಾಗಿನಲ್ಲಿತ್ತು. ನೀವು ಕೇಳುವ ಮೊದಲು ಕೊಟ್ಟರೆ ಒತ್ತಾಯ ಮಾಡಿದ ಹಾಗೆ ಆಗ್ತದೆ ಅಂತ ಕೊಡಲಿಲ್ಲ.”

ನಾಲ್ಕು ಸಲ ಓದಿದೆ. ಅಮ್ಮ ನೋಡುತ್ತಿದ್ದರು, ಈ ಸಲ ನಾನು ಜೋಗದ ನೆಪ ಹೇಳಲಿಲ್ಲ.

ತೀರ್ಮಾನ ಎಂದು ಇನ್ನೂ ಏನೂ ಮಾಡಿಲ್ಲ. ಪಟ್ಟಿಯಲ್ಲಿ ಮೊದಲನೆಯದು ಅನುಭವ ಪತ್ರ. ನಾಳೆ ಮೊದಲ ಪಾಳಿಗೆ ಮುಂಚೆ ಡುಲ್ಸಿನ್ ಸಿಸ್ಟರ್ ಹತ್ತಿರ ಕೇಳಬೇಕು. ಎಂತಕ್ಕೆ ಎಂದು ಕೇಳಿಯೇ ಕೇಳುತ್ತಾರೆ. ನನ್ನ ಗಂಡನ ಹತ್ತಿರ ಹೋಗಲಿಕ್ಕೆ ಎಂದು ಹೇಳುತ್ತೇನೆ.